ವಜ್ರದಲ್ಲಿ ಬರೆಯುವುದು ಸುಲಭ, ಅಳಿಸದೆ ಓದುವುದೇ ಕಷ್ಟ

ವಜ್ರದಲ್ಲಿ ಡೇಟಾ ಬರೆಯುವುದು ಅಂದರೆ ಲೇಸರ್‌ನಿಂದ ಕೊರೆಯುವುದು ಅಂದುಕೊಳ್ಳುವವರೇ ಜಾಸ್ತಿ. ನಾನು ಮಾಡಿದ ರೀತಿಯಲ್ಲಿ ವಜ್ರಕ್ಕೆ ಒಂದು ಗೀರೂ ಬೀಳುವುದಿಲ್ಲ. ಎಲೆಕ್ಟ್ರಾನ್ ಜಾಗ ಬದಲಿಸುತ್ತದೆ, ಅಷ್ಟೇ.

ವಜ್ರ ಅಂದರೆ ಕಾರ್ಬನ್. ಅಲ್ಲಲ್ಲಿ ಒಂದು ಕಾರ್ಬನ್ ಇರಬೇಕಾದ ಕಡೆ ನೈಟ್ರೋಜನ್ ಕೂತಿರುತ್ತದೆ, ಅದರ ಪಕ್ಕದ ಜಾಗ ಖಾಲಿ ಇರುತ್ತದೆ. ಈ ಜೋಡಿಗೆ ನೈಟ್ರೋಜನ್-ವೇಕೆನ್ಸಿ (ಖಾಲಿ ಜಾಗ), ಚಿಕ್ಕದಾಗಿ ಎನ್‌ವಿ ಸೆಂಟರ್ ಅಂತಾರೆ. ಅದರಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇದ್ದರೆ ಕೆಂಪು ಲೇಸರ್ ಬಿದ್ದಾಗ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪು. ಒಂದು, ಸೊನ್ನೆ ಸಿಕ್ಕಿತಲ್ವಾ? 2016ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜಿನವರು ತೋರಿಸಿದ ದಾರಿ ಇದು.

ಮೊದಲು 532 ನ್ಯಾನೋಮೀಟರ್ ತರಂಗಾಂತರದ ಹಸಿರು ಲೇಸರ್ ಅನ್ನು ಇಡೀ ಜಾಗದ ಮೇಲೆ ಓಡಿಸಿದೆ. ಸ್ಲೇಟು ಒರೆಸಿದ ಹಾಗೆ, ಎಲ್ಲಾ ಕಡೆ ಒಂದೇ ಸಮ ಹೊಳಪು ಬಂತು. ಆಮೇಲೆ ಬೇಕಾದ ಚುಕ್ಕೆಗಳ ಮೇಲೆ ಜೋರು ಕೆಂಪು ಬಿಟ್ಟೆ, 633 ನ್ಯಾನೋಮೀಟರ್. ಎಲೆಕ್ಟ್ರಾನ್ ಹೊರಬಿದ್ದು ಆ ಚುಕ್ಕೆ ಕಪ್ಪಾಯಿತು. ಕೆಂಪು ಮತ್ತೆ ಅದನ್ನು ಬೆಳಗಿಸುವುದಿಲ್ಲ, ಎಲೆಕ್ಟ್ರಾನ್ ಕಳಕೊಂಡ ಸೆಂಟರ್ ಅನ್ನು ಕೆರಳಿಸಲು ಸುಮಾರು 575 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರ ಬೇಕು.

ನಿಜವಾದ ಕೆಲಸ ಶುರುವಾಗುವುದು ಓದುವಾಗ. ಓದುವುದಕ್ಕೂ ಅದೇ ಕೆಂಪೇ ಬೇಕು, ಅದು ಓದುತ್ತಲೇ ಅಳಿಸುತ್ತಲೂ ಇರುತ್ತದೆ. ಉಪಾಯ ಎಲ್ಲಿದೆ ಅಂದರೆ, ಎಲೆಕ್ಟ್ರಾನ್ ಹೊರಬೀಳಲು ಎರಡು ಫೋಟಾನ್, ಅಂದರೆ ಬೆಳಕಿನ ಕಣ, ಬೇಕು: ಒಂದು ಅದನ್ನು ಮೇಲೆತ್ತುತ್ತದೆ, ಅದು ಕೆಳಗಿಳಿಯುವ ಮೊದಲೇ, ಅಂದರೆ ಹತ್ತಾರು ನ್ಯಾನೋಸೆಕೆಂಡಿನೊಳಗೆ, ಇನ್ನೊಂದು ಬಂದು ಆಚೆ ತಳ್ಳುತ್ತದೆ. ಹೊಳೆಯಲು ಒಂದೇ ಸಾಕು. ಹಾಗಾಗಿ ಲೇಸರ್ ಶಕ್ತಿ ಅರ್ಧ ಮಾಡಿದರೆ ಹೊಳಪು ಅರ್ಧಕ್ಕಿಳಿಯುತ್ತದೆ, ಬರೆದದ್ದು ಅಳಿಸುವ ಹಾನಿ ಕಾಲು ಭಾಗಕ್ಕಿಳಿಯುತ್ತದೆ. ಎರಡರಷ್ಟು ಹೊತ್ತು ಕಾದು ಓದಿದರೆ ಅಷ್ಟೇ ಬೆಳಕು ಸಿಗುತ್ತದೆ, ಹಾನಿ ಮಾತ್ರ ಅರ್ಧ. ಇದು ನನಗೆ ಈಗಲೂ ತುಂಬಾ ಇಷ್ಟವಾದ ಲೆಕ್ಕ.

ಆದರೆ ಸಿಗ್ನಲ್ ಅಷ್ಟು ಸಣ್ಣದಾದಾಗ ಸುತ್ತಲಿನ ಬೆಳಕೇ ಶತ್ರು. ಮೈಕ್ರೋಸ್ಕೋಪಿಗೆ ಕಪ್ಪು ಬಟ್ಟೆ ಹೊದಿಸಿದೆ, ಯಂತ್ರಗಳ ಮೇಲಿನ ಪುಟ್ಟ ಎಲ್‌ಇಡಿಗಳಿಗೂ ಕಪ್ಪು ಟೇಪ್ ಅಂಟಿಸಿದೆ. ವಜ್ರವನ್ನು ಕತ್ತಲಲ್ಲೇ ಇಟ್ಟರೆ ಬರೆದದ್ದು ದಿನಗಟ್ಟಲೆ ಹಾಗೇ ಇರುತ್ತದೆ.

ಮಿತಿಯೂ ಇದೆ. ಬೆಳಕಿನ ಚುಕ್ಕೆಯನ್ನು ಕೆಲವು ನೂರು ನ್ಯಾನೋಮೀಟರಿಗಿಂತ ಸಣ್ಣದು ಮಾಡಲಾಗದು, ಒಂದು ಬಿಟ್‌ನೊಳಗೆ ಎಷ್ಟೋ ಸೆಂಟರ್‌ಗಳು ಸೇರಿಬಿಡುತ್ತವೆ. 2023ರಲ್ಲಿ ಅದೇ ಕಾಲೇಜಿನವರು ವಜ್ರವನ್ನು ತೀರಾ ತಣ್ಣಗೆ ಮಾಡಿ, ಪ್ರತಿ ಸೆಂಟರ್‌ಗೂ ಕೂದಲೆಳೆಯಷ್ಟು ಬೇರೆ ಬಣ್ಣ ಇರುವುದನ್ನೇ ಹಿಡಿದು, ಒಂದೊಂದನ್ನೂ ಬೇರೆಬೇರೆಯಾಗಿ ಬರೆದರು. ನನ್ನ ಹತ್ತಿರ ಆ ತಂಪಿನ ವ್ಯವಸ್ಥೆ ಇಲ್ಲ. ಸದ್ಯಕ್ಕೆ ಕೆಂಪು ಬಿಡುವ ಹೊತ್ತನ್ನು ಹೆಚ್ಚುಕಡಿಮೆ ಮಾಡಿ, ಒಂದೇ ಚುಕ್ಕೆಯಲ್ಲಿ ಕಪ್ಪು ಬಿಳುಪಿನ ನಡುವಿನ ಮಟ್ಟಗಳನ್ನೂ ಬರೆಯುವ ಕೆಲಸ ನಡೆದಿದೆ.