ಫೋನಿನಿಂದ ಆಟದ ಲೈವ್: ಮೊದಲು ಚೆಂಡೆ ಕೇಳಲಿ

ಉಡುಪಿ ಆಸುಪಾಸಿನ ಗದ್ದೆ, ಶಾಲೆ ಮೈದಾನಗಳ ಯಕ್ಷಗಾನ ಆಟವನ್ನು ನಾನು ಫೋನಿನಲ್ಲೇ ಲೈವ್ ಬಿಡುವುದು. ಚಿತ್ರ ಒಡೆಯಿತು ಎಂದರೆ ಸಾಕು, ಹೆಚ್ಚಿನವರು ಒಳ್ಳೆ ಕ್ಯಾಮೆರಾದ ಫೋನ್ ಹುಡುಕಲು ಹೊರಡುತ್ತಾರೆ. ತೊಂದರೆ ಇರುವುದು ಬಹಳ ಸಲ ಅಪ್‌ಲೋಡಿನಲ್ಲಿ.

ಮಧ್ಯಾಹ್ನದ ಸ್ಪೀಡ್ ಟೆಸ್ಟನ್ನು ನಂಬಬೇಡಿ. ಆಗ 15 ಎಂಬಿಪಿಎಸ್ ತೋರಿಸಿದ ಟವರ್, ರಾತ್ರಿ ಜನ ಸೇರಿ ಎಲ್ಲರೂ ಸ್ಟೇಟಸ್ ಹಾಕತೊಡಗಿದ ಮೇಲೆ 5 ಕೊಟ್ಟರೆ ಪುಣ್ಯ. ಆಟಕ್ಕೆ ಮೊದಲು ವೇಷ ಕಟ್ಟುವಲ್ಲಿ ನಡೆಯುವ ಚೌಕಿಪೂಜೆಯ ಹೊತ್ತಿಗೆ ಮೂರು ಸಲ ಅಳೆದು, ಬಂದದ್ದರಲ್ಲಿ ಅತಿ ಕಡಿಮೆಯ ಅರ್ಧವನ್ನು ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಆಗಿ ಇಡುತ್ತೇನೆ. 5 ಇದ್ದರೆ 2.5. ಅದರಲ್ಲಿ 720ಪಿ, 30 ಫ್ರೇಮ್ ಸಾಕು. ಅದೇ 2.5ನ್ನು 1080ಪಿಗೆ ಹಂಚಿದರೆ ನಿಂತ ವೇಷ ಚಂದ ಕಾಣುತ್ತದೆ, ತಿರುಗುತ್ತ ಹಾರುವ ದಿಗಿಣ ಹೊಡೆದ ಕೂಡಲೇ ಕಸೆ ಸೀರೆಯ ಚೌಕುಳಿಯೆಲ್ಲ ಕಲಸಿಹೋಗುತ್ತದೆ. ಕೀಫ್ರೇಮ್ (ಚಿತ್ರವನ್ನು ಪೂರ್ತಿಯಾಗಿ ಕಳಿಸುವ ಫ್ರೇಮ್) 2 ಸೆಕೆಂಡಿಗೊಂದು. ಇಷ್ಟೆಲ್ಲ ಕೈಯಲ್ಲೇ ಇಟ್ಟುಕೊಳ್ಳಲು ಲ್ಯಾರಿಕ್ಸ್‌ನಂಥ ಆರ್‌ಟಿಎಂಪಿ (ಯೂಟ್ಯೂಬ್‌ಗೆ ಲೈವ್ ಕಳಿಸುವ ವಿಧಾನ) ಆ್ಯಪ್ ಬೇಕು. ಗಂಟೆಗೆ ಸುಮಾರು 1.2 ಜಿಬಿ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ ಪೀಠಿಕೆ ಮುಗಿದು ಪ್ರಸಂಗ ಏರುವಷ್ಟರಲ್ಲಿ ಕತೆ ಮುಗಿಯಿತು.

ಸಿಮ್ ಒಂದು ಫೋನಿನಲ್ಲಿ, ಕ್ಯಾಮೆರಾ ಇನ್ನೊಂದರಲ್ಲಿ. ಹಾಟ್‌ಸ್ಪಾಟ್ ಫೋನನ್ನು ಚಪ್ಪರದ ಕಂಬಕ್ಕೆ ಎತ್ತರದಲ್ಲಿ ಕಟ್ಟಿ, ಕ್ಯಾಮೆರಾ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಬಿಡುತ್ತೇನೆ. ಇಲ್ಲದಿದ್ದರೆ ಯಾರದ್ದೋ ಕರೆ ಬಂದು ಮೈಕನ್ನು ಎತ್ತಿಕೊಂಡು ಹೋಗುತ್ತದೆ, ಭಾಗವತರ ಹಾಡು (ಪದ) ನಡುವಿನಲ್ಲೇ ಮೌನ.

ಇನ್ನು ಧ್ವನಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಭಾಗವತರ ಸ್ವರ ಕೇಳದಿದ್ದರೆ ಬಿಟ್ಟು ಹೋಗುತ್ತಾರೆ. ಫೋನಿನ ಸ್ವಂತ ಮೈಕ್ ಇಲ್ಲಿ ಕೆಲಸಕ್ಕಿಲ್ಲ. ಚೆಂಡೆಯ ಪ್ರತಿ ಪೆಟ್ಟಿಗೆ ಅದು ತಾನಾಗಿ ಧ್ವನಿ ತಗ್ಗಿಸುತ್ತದೆ, ಹಿಂದೆಯೇ ಪದವೂ ಮುಳುಗುತ್ತದೆ. ಹಾಗಾಗಿ ಮೈಕಿನವರ ಮಿಕ್ಸರ್‌ನಿಂದ ಲೈನ್ ತೆಗೆದು ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಕೊಡಬೇಕು. ಮಿಕ್ಸರ್ ಔಟನ್ನು ನೇರವಾಗಿ ಹೆಡ್‌ಫೋನ್ ಜಾಕಿಗೆ ಚುಚ್ಚಿದರೆ ಬರೀ ಕರಕರ, ಏಕೆಂದರೆ ಆ ಜಾಕ್ ಎದುರು ನೋಡುವುದು ಮಿಲಿವೋಲ್ಟ್ ಲೆಕ್ಕದ ಮೈಕ್ ಸಿಗ್ನಲ್.

ಇಲ್ಲೊಂದು ಮೋಸ ಇದೆ. ರಂಗದಲ್ಲಿ ಚೆಂಡೆ ಹೇಗೂ ಜೋರು, ಆದ್ದರಿಂದ ಮೈಕಿನವರು ಅದರ ಚಾನೆಲನ್ನು ತಗ್ಗಿಸಿಯೇ ಇಟ್ಟಿರುತ್ತಾರೆ. ಮೇನ್ ಔಟ್ ತೆಗೆದುಕೊಂಡರೆ ಲೈವ್‌ನಲ್ಲಿ ಚೆಂಡೆಯೇ ಇರುವುದಿಲ್ಲ! ಮೈಕಿನವರ ಹತ್ತಿರ ಪ್ರೀ-ಫೇಡರ್ ಆಕ್ಸ್ (ಅವರ ಏರಿಳಿತ ತಾಗದ ಬೇರೆ ಔಟ್) ಕೊಡಲು ಹೇಳಿ, ಅದರಲ್ಲಿ ಚೆಂಡೆ, ಮದ್ದಳೆಯನ್ನು ಬೇರೆಯಾಗಿ ಏರಿಸಿಕೊಳ್ಳಿ. ಚೆಂಡೆ-ಮದ್ದಳೆಯ ಅಬ್ಬರದ ಬಿಡ್ತಿಗೆಗೂ ಮೀಟರ್ ಮೈನಸ್ 6 ಡಿಬಿ ದಾಟಬಾರದು. ಆ್ಯಪ್‌ನಲ್ಲಿ ಮೋನೋ ಆರಿಸದಿದ್ದರೆ ಒಂದೇ ಕಿವಿಯಲ್ಲಿ ಕೇಳಬಹುದು. ಗುಂಯ್ ಎಂದರೆ ಫೋನಿನ ಚಾರ್ಜರ್ ಕಿತ್ತು ಪವರ್ ಬ್ಯಾಂಕಿಗೆ ಹಾಕಿ ನೋಡಿ, ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ.

ಬೆಳಕಿನಲ್ಲಿ ಎಲ್ಲವನ್ನೂ ಲಾಕ್ ಮಾಡುವುದೇ ದಾರಿ. ಫೋಕಸ್, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಮೂರನ್ನೂ. ಬಣ್ಣದ ವೇಷದ ಮುಖದ ಮೇಲಿನ ಬಿಳಿ ಚುಟ್ಟಿ ಸುಟ್ಟುಹೋಗದಂತೆ ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ ಕೆಳಗಿಡಿ. ಆಟೋದಲ್ಲಿ ಬಿಟ್ಟರೆ ದೊಂದಿಗೆ (ಪಂಜಿಗೆ) ರಾಳದ ಪುಡಿ ಎರಚಿ ಬೆಂಕಿ ಭುಗಿಲೆದ್ದಾಗ ಫೋನ್ ಹೆದರಿ ಕಣ್ಣು ಮುಚ್ಚಿದ ಹಾಗೆ ಕತ್ತಲಾಗಿ, ಮಹಿಷನ ಪ್ರವೇಶವೇ ಕಾಣುವುದಿಲ್ಲ. ಷಟರ್ 1/50 ಅಥವಾ 1/100. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಬೇರೆ ಅಂಕಿ ಇಟ್ಟರೆ ಕಡಿಮೆ ಬೆಲೆಯ ಎಲ್‌ಇಡಿಗಳ ಪಟ್ಟೆ ಓಡುತ್ತದೆ. ಜೂಮ್ ಬೇಡ, ಟ್ರೈಪಾಡನ್ನೇ ಹತ್ತಿರ ಒಯ್ಯಿರಿ. ಅಲ್ಟ್ರಾವೈಡ್ ಲೆನ್ಸ್ ರಾತ್ರಿಗೆ ಆಗದು.

ಕರಾವಳಿಯ ಸೆಕೆಗೆ ಫೋನ್ ಕಾದರೆ ಫ್ರೇಮ್ ತಾನಾಗಿ ಇಳಿಯುತ್ತದೆ. ಕವರ್ ತೆಗೆಯಿರಿ, ಸ್ಕ್ರೀನ್ ಬೆಳಕು ಪೂರ್ತಿ ತಗ್ಗಿಸಿ, ಫಾಸ್ಟ್ ಚಾರ್ಜ್ ಬಿಟ್ಟು ನಿಧಾನದ ಚಾರ್ಜೇ ಹಾಕಿ.

ಯೂಟ್ಯೂಬ್‌ನಲ್ಲಿ ಲೇಟೆನ್ಸಿ (ನೋಡುವವರಿಗೆ ತಲುಪುವ ತಡ) ನಾರ್ಮಲ್ ಇರಲಿ, ನೋಡುವವರ ಕಡೆ ಚಕ್ರ ತಿರುಗುವುದು ಕಡಿಮೆಯಾಗುತ್ತದೆ. ಆಟೋ-ಸ್ಟಾಪ್ ಆಫ್ ಮಾಡಿ. ನಡುರಾತ್ರಿ ನೆಟ್ ಹೋಗಿ ಬಂದರೆ ಅದೇ ಲಿಂಕಿನಲ್ಲಿ ಆಟ ಮುಂದುವರಿಯುತ್ತದೆ.