ಏಳು ಊರು ನಾಲ್ಕಾದ ಕಥೆ: ನಮ್ಮ ಕೋಸ್ಟಾ ರಿಕಾ ಪ್ರವಾಸ

ಮೊದಲ ಪ್ಲಾನ್‌ನಲ್ಲಿ ಏಳು ಊರುಗಳಿದ್ದವು. ಹದಿನೈದು ರಾತ್ರಿ, ಐದು ಜನ, ಏಳು ಊರು. ಒಂದೊಂದು ಊರಿಗೆ ಒಂದೊಂದು ಬಣ್ಣ ಹಾಕಿ, ಪ್ರಿಂಟ್ ತೆಗೆದು ಊಟದ ಮೇಜಿನ ಮೇಲಿಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ, "ಏಳು ಸಲ ಮನೆ ಖಾಲಿ ಮಾಡೋದಕ್ಕೆ ಅಷ್ಟು ದೂರ ಹೋಗಬೇಕೇನಮ್ಮಾ?" ಅಂದರು.

ಸಿಟ್ಟು ಬಂತು. ಮೂರು ವಾರ ಕೂತು ಮಾಡಿದ್ದು ಅದು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಸುಮ್ನೆ ಒಂದು ಲೆಕ್ಕ ಹಾಕಿದೆ. ಊರು ಬದಲಾಯಿಸುವ ದಿನ ನಾವು ಏನೇನು ಮಾಡುತ್ತೇವೆ? ಒದ್ದೆ ಬಟ್ಟೆ ಬೇರೆ ಕಟ್ಟಬೇಕು. ಚಾರ್ಜರ್ ಹುಡುಕಬೇಕು. ಅತ್ತೆಯ ಮಾತ್ರೆ ಡಬ್ಬಿ ಯಾರ ಬ್ಯಾಗಿಗೆ ಹೋಯಿತು ಎಂದು ಕೇಳಬೇಕು. ಹೋದ ಕಡೆ ರೂಮು ಮಧ್ಯಾಹ್ನ ಮೂರಕ್ಕೆ ಮುಂಚೆ ಸಿಗುವುದಿಲ್ಲ. ಏಳು ಊರು ಅಂದರೆ ಆರು ದಿನ ಹೀಗೇ ಕಳೆಯುತ್ತವೆ. ಹೋಗುವ, ಬರುವ ದಿನ ಬೇರೆ.

ನಾನು ಮೋಸ ಹೋಗಿದ್ದು ನಕ್ಷೆ ನೋಡಿ. ಕೋಸ್ಟಾ ರಿಕಾ ಮಧ್ಯ ಅಮೆರಿಕದಲ್ಲಿರುವ, ಸುಮಾರು 51,000 ಚದರ ಕಿಲೋಮೀಟರ್‌ನ ಪುಟ್ಟ ದೇಶ. ಒಂದು ಕಡೆ ಕೆರಿಬಿಯನ್ ಸಮುದ್ರ, ಇನ್ನೊಂದು ಕಡೆ ಪೆಸಿಫಿಕ್. ಎಲ್ಲವೂ ಪಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ನಡುವೆ ಬೆನ್ನುಮೂಳೆಯ ಹಾಗೆ ಬೆಟ್ಟದ ಸಾಲು ಹಾದುಹೋಗಿದೆ. ಲಾ ಫೋರ್ಟುನಾದಿಂದ ಮೊಂಟೆವೆರ್ದೆಗೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರೂ ಆಗುವುದಿಲ್ಲ. ರಸ್ತೆಯಲ್ಲಿ ಹೋದರೆ ಅರೆನಾಲ್ ಸರೋವರ ಸುತ್ತಿ ನೂರು ಕಿಲೋಮೀಟರ್ ಮೇಲೆ, ಮೂರು ಗಂಟೆಗೂ ಜಾಸ್ತಿ. ಅವತ್ತಿನಿಂದ ಕಿಲೋಮೀಟರ್ ಕಾಲಂ ಅಳಿಸಿ ಗಂಟೆ ಕಾಲಂ ಹಾಕಿದೆ. ಅದೊಂದೇ ಬದಲಾವಣೆಗೆ ಎರಡು ಊರು ತಾವಾಗಿಯೇ ಬಿದ್ದುಹೋದವು: ಉತ್ತರದ ತಮರಿಂಡೋ ಮತ್ತು ದಕ್ಷಿಣದ ಓಸಾ ಪರ್ಯಾಯ ದ್ವೀಪ. ರಾಜಧಾನಿ ಸಾನ್ ಹೊಸೆಯನ್ನು ಅತ್ತೆಯೇ ಹೊಡೆದು ಹಾಕಿದರು. "ಸಿಟಿ ನೋಡೋದೇನಿದೆ" ಅಂತ.

ಉಳಿದದ್ದು ನಾಲ್ಕು: ಕೆರಿಬಿಯನ್ ದಂಡೆಯ ತೊರ್ತುಗೇರೋ ಎರಡು ರಾತ್ರಿ, ಜ್ವಾಲಾಮುಖಿ ಪಕ್ಕದ ಲಾ ಫೋರ್ಟುನಾ ನಾಲ್ಕು, ಮೋಡ ಕವಿದ ಬೆಟ್ಟದ ಕಾಡಿನ ಮೊಂಟೆವೆರ್ದೆ ಮೂರು, ಪೆಸಿಫಿಕ್ ದಂಡೆಯ ಮಾನುವೆಲ್ ಆಂಟೋನಿಯೋ ನಾಲ್ಕು. ಮೊದಲ ಮತ್ತು ಕೊನೆಯ ರಾತ್ರಿ ವಿಮಾನ ನಿಲ್ದಾಣದ ಹತ್ತಿರ ಅಲಹುವೇಲಾದಲ್ಲಿ. ರಾಜಧಾನಿಯ ವಿಮಾನ ನಿಲ್ದಾಣ ಇರುವುದೇ ಈ ಊರಿನಲ್ಲಿ.

ಯಾವ ತಿಂಗಳು ಹೋಗುವುದು ಎಂಬುದನ್ನು ಮಗಳು ತೀರ್ಮಾನ ಮಾಡಿದಳು. ಅವಳಿಗೆ ಹನ್ನೆರಡು ವರ್ಷ, ಆಮೆ ಮೊಟ್ಟೆ ಇಡುವುದನ್ನು ನೋಡಲೇಬೇಕು. ತೊರ್ತುಗೇರೋದ ದಂಡೆಗೆ ಹಸಿರು ಕಡಲಾಮೆಗಳು ಬರುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆ ವಿಪರೀತ ಮಳೆ. ಹಾಗಾಗಿ ಜುಲೈ. ಆಗ ಪೆಸಿಫಿಕ್ ಕಡೆ ಮಳೆ ಕೆಲವು ದಿನ ಸ್ವಲ್ಪ ಬಿಡುವು ಕೊಡುವುದೂ ಉಂಟು. ಅಲ್ಲಿಯ ಜನ ಅದನ್ನು 'ಪುಟ್ಟ ಬೇಸಿಗೆ' ಎನ್ನುತ್ತಾರೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ಅವರಿಗೆ ಬೇಸಿಗೆ, ಮೇ ನಂತರದ ಮಳೆಗಾಲವೇ ಚಳಿಗಾಲ. ಅಲ್ಲಿಯವರ ಜೊತೆ ಹವಾಮಾನದ ಮಾತಾಡುವಾಗ ಇದು ಗೊತ್ತಿರಬೇಕು, ಇಲ್ಲದಿದ್ದರೆ ಪೂರಾ ಗೊಂದಲ. ಒಂದು ಮಾತು: ಎರಡು ಕರಾವಳಿಗೂ ಒಟ್ಟಿಗೆ ಒಳ್ಳೆಯ ಹವೆ ಸಿಗುವ ವಾರ ಹುಡುಕುತ್ತಾ ಕೂರಬೇಡಿ. ನಿಮಗೆ ಬಿಡಲಾಗದ ಒಂದೇ ಒಂದು ವಿಷಯ ಹಿಡಿಯಿರಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ. ನಮಗೆ ಅದು ಆಮೆ.

ಇನ್ನು ದಿನದ ಲೆಕ್ಕ. ಸಮಭಾಜಕದಿಂದ ಹತ್ತು ಡಿಗ್ರಿ ದೂರದಲ್ಲಿದೆ ಈ ದೇಶ. ವರ್ಷ ಪೂರ್ತಿ ಸಂಜೆ ಆರರ ಆಸುಪಾಸಿಗೆ ಕತ್ತಲು. ಮುಸ್ಸಂಜೆ ಅಂತ ಒಂದು ಇರುತ್ತದೆ ಎಂದುಕೊಳ್ಳುವಷ್ಟರಲ್ಲಿ ರಾತ್ರಿ ಆಗಿರುತ್ತದೆ. ಮಳೆಗಾಲದಲ್ಲಿ ಬಹಳಷ್ಟು ದಿನ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮೋಡ, ಆಮೇಲೆ ಜಡಿಮಳೆ. ಅಂದರೆ ಸುತ್ತಾಡಲು ಸಿಗುವ ದಿನ ಬೆಳಗ್ಗೆ ಐದೂವರೆಯಿಂದ ಒಂದರವರೆಗೆ ಮಾತ್ರ. ಭಾರತಕ್ಕೂ ಅಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ಹಗಲು ರಾತ್ರಿ ತಿರುವುಮುರುವು. ಇಬ್ಬರು ಮಕ್ಕಳೂ ಮೊದಲ ವಾರ ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಿದ್ದರು. ನಾನು ಅದನ್ನು ಸರಿಮಾಡಲು ಹೋಗಲೇ ಇಲ್ಲ. ಐದೂವರೆಗೆ ಹಕ್ಕಿ ನೋಡಲು ಮಕ್ಕಳನ್ನು ಎಬ್ಬಿಸುವ ಕಷ್ಟವೇ ಇರಲಿಲ್ಲ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕಾ ಎಂಬ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಇವರಿಗೆ ಕಾರು ಬೇಕಿತ್ತು. ಒಂದು ಕಂಪನಿಯ ಆನ್‌ಲೈನ್ ದರ ನೋಡಿ ಖುಷಿಯಾಗಿದ್ದರು. ಮೇಲ್ ಬರೆದು ಪೂರ್ತಿ ಮೊತ್ತ ಕೇಳಿದಾಗ ಅದು ದುಪ್ಪಟ್ಟಾಯಿತು. ಅಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಕ್ರೆಡಿಟ್ ಕಾರ್ಡಿನ ವಿಮೆ ಅದಕ್ಕೆ ಬರುವುದಿಲ್ಲ. ಆ ಮಾತನ್ನು ಸಣ್ಣ ಅಕ್ಷರದಲ್ಲೂ ಹಾಕಿರಲಿಲ್ಲ. ಅದೂ ಅಲ್ಲದೆ ತೊರ್ತುಗೇರೋಗೆ ರಸ್ತೆಯೇ ಇಲ್ಲ, ಕಾಲುವೆಯಲ್ಲಿ ದೋಣಿ ಅಥವಾ ಪುಟ್ಟ ವಿಮಾನ. ಕಾರು ದೋಣಿ ಹತ್ತುವ ಜಾಗದಲ್ಲಿ ಸುಮ್ನೆ ನಿಂತಿರುತ್ತಿತ್ತು. ಕೊನೆಗೆ ಎಲ್ಲ ಕಡೆಗೂ ಡ್ರೈವರ್ ಸಮೇತ ವ್ಯಾನ್ ಮಾಡಿದೆವು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಅಲ್ಲಿ ವಿಳಾಸ ಹೇಳುವುದು 'ಚರ್ಚಿನಿಂದ ಮುನ್ನೂರು ಮೀಟರ್ ಪಶ್ಚಿಮಕ್ಕೆ' ಎಂಬ ರೀತಿಯಲ್ಲಿ. ಕತ್ತಲಲ್ಲಿ, ಮಳೆಯಲ್ಲಿ, ಹಿಂದೆ ವಾಂತಿ ಬರುತ್ತಿದೆ ಎನ್ನುವ ಏಳು ವರ್ಷದ ಮಗನನ್ನು ಕೂರಿಸಿಕೊಂಡು ಪಶ್ಚಿಮ ಯಾವುದು ಅಂತ ಯಾರು ಹುಡುಕುತ್ತಾರೆ?

ಲಾ ಫೋರ್ಟುನಾದಿಂದ ಮೊಂಟೆವೆರ್ದೆಗೆ ಮಾತ್ರ ವ್ಯಾನ್–ದೋಣಿ–ವ್ಯಾನ್. ಸರೋವರದ ಈ ದಡದವರೆಗೆ ಒಂದು ಗಾಡಿ, ನಡುವೆ ದೋಣಿ, ಆ ದಡದಲ್ಲಿ ಇನ್ನೊಂದು ಗಾಡಿ. ಪ್ರಯಾಣದ ದಿನವೇ ಒಂದು ಸುತ್ತಾಟವೂ ಆಗುತ್ತದೆ. ಇಡೀ ಪ್ಲಾನ್‌ನಲ್ಲಿ ನಾನು ಬೆನ್ನು ತಟ್ಟಿಕೊಳ್ಳುವುದು ಇದಕ್ಕೇ.

ಬುಕಿಂಗ್‌ನಲ್ಲಿ ನಾನು ಎಡವಿದ್ದು ಮಂಗಳವಾರದ ವಿಷಯದಲ್ಲಿ. ಮಾನುವೆಲ್ ಆಂಟೋನಿಯೋ ರಾಷ್ಟ್ರೀಯ ಉದ್ಯಾನ ಮಂಗಳವಾರ ಮುಚ್ಚಿರುತ್ತದೆ. ಟಿಕೆಟ್ ಗೇಟಿನಲ್ಲಿ ಸಿಗುವುದಿಲ್ಲ, ಮೊದಲೇ ಆನ್‌ಲೈನ್‌ನಲ್ಲಿ ತೆಗೆಯಬೇಕು. ನಾನು ಹೋಟೆಲ್, ವ್ಯಾನ್ ಎಲ್ಲ ಮುಗಿಸಿ ಕೊನೆಗೆ ಟಿಕೆಟ್ ತೆಗೆಯಲು ಕೂತರೆ ನಮ್ಮ ಉದ್ಯಾನದ ದಿನ ಮಂಗಳವಾರ. ಪುಣ್ಯಕ್ಕೆ ಅಲ್ಲಿ ನಾಲ್ಕು ರಾತ್ರಿ ಇದ್ದದ್ದರಿಂದ ಬುಧವಾರಕ್ಕೆ ಸರಿಸಿದೆ. ಹಳೇ ಪ್ಲಾನ್‌ನಲ್ಲಿ ಅಲ್ಲಿಗೆ ಒಂದೇ ರಾತ್ರಿ ಇತ್ತು, ನೆನೆದರೆ ಭಯವಾಗುತ್ತದೆ.

ಅತ್ತೆ ಶುದ್ಧ ಸಸ್ಯಾಹಾರಿ. ಇದೇ ದೊಡ್ಡ ತಲೆನೋವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅನ್ನ ಮತ್ತು ಕಪ್ಪು ಕಾಳು ಅಲ್ಲಿನ ದಿನದ ಊಟ. ಬೆಳಗ್ಗೆ ಎರಡನ್ನೂ ಕಲೆಸಿ ಹುರಿದರೆ ಗಾಯೋ ಪಿಂಟೋ, ಮಧ್ಯಾಹ್ನ ಬೇರೆ ಬೇರೆ ಬಡಿಸಿ ಜೊತೆಗೆ ಹುರಿದ ಬಾಳೆಹಣ್ಣು, ಸಲಾಡ್ ಇಟ್ಟರೆ ಕಸಾದೋ. ಕಸಾದೋ ತಟ್ಟೆಯಲ್ಲಿ ಮಾಂಸವೋ ಮೀನೋ ಇರುತ್ತದೆ, ಬೇಡ ಎಂದು ಹೇಳಬೇಕು. ಕಾಳನ್ನು ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಅದನ್ನೂ ಕೇಳಬೇಕು. ಮಗಳು ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿ ಬರೆದು ಅತ್ತೆಯ ಪರ್ಸಿನಲ್ಲಿಟ್ಟಳು. ಚಿಕ್ಕ ಊಟದ ಹೋಟೆಲಿಗೆ ಅಲ್ಲಿ 'ಸೋಡಾ' ಎನ್ನುತ್ತಾರೆ. ಮೊದಲ ದಿನ ಬೋರ್ಡು ನೋಡಿ ಅತ್ತೆ, "ಊಟಕ್ಕೆ ಕರ್ಕೊಂಡು ಬಂದು ಸೋಡಾ ಕುಡಿಸ್ತೀಯಾ?" ಅಂದಿದ್ದರು. ಎರಡನೇ ವಾರದಲ್ಲಿ ಅವರೇ ಮುಂದೆ ಹೋಗಿ ಚೀಟಿ ತೋರಿಸಿ ಕೂರುತ್ತಿದ್ದರು.

ಊಟದ ಬಿಲ್ ನೋಡಿ ಗಾಬರಿಯಾಗಬೇಡಿ. 13 ಶೇಕಡಾ ತೆರಿಗೆ, 10 ಶೇಕಡಾ ಸರ್ವಿಸ್ ಸೇರಿರುತ್ತದೆ. ಮೇಲೆ ಟಿಪ್ಸ್ ಇಡಬೇಕೆಂದೇನೂ ಇಲ್ಲ.

ನನ್ನ ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ತುರ್ತಿಗೆ ಇರಲಿ ಎಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಹೊತ್ತುಕೊಂಡು ಹೋಗಿದ್ದೆ. ಪಿನ್ ಅಡಾಪ್ಟರ್ ಕೂಡ ಇತ್ತು. ಅಲ್ಲಿ ಕರೆಂಟು 120 ವೋಲ್ಟ್. ಅರ್ಧ ವೋಲ್ಟೇಜಿಗೆ ಅರ್ಧ ಶಾಖ ಬರುತ್ತದೆ ಅಂದುಕೊಂಡರೆ ತಪ್ಪು, ಕಾಲು ಭಾಗವಷ್ಟೇ. ಒಂದು ಗಂಟೆ ಆದ ಮೇಲೂ ನೀರು ಉಗುರುಬೆಚ್ಚಗೇ ಇತ್ತು. ಮುಂದಿನ ಹದಿಮೂರು ದಿನ ಆ ಕುಕ್ಕರ್ ನಮ್ಮ ಜೊತೆ ಟೂರ್ ಮಾಡಿತು.

ಹೊರಟ ಮೇಲೆ ಪ್ಲಾನ್ ಮೊದಲು ಅಲುಗಾಡಿದ್ದು ತೊರ್ತುಗೇರೋ ದಾರಿಯಲ್ಲಿ. ಕೆರಿಬಿಯನ್ ಕಡೆಗೆ ಇಳಿಯುವ ಮುಖ್ಯ ರಸ್ತೆ ಬ್ರೌಲಿಯೋ ಕರಿಯೋ ಕಾಡಿನ ನಡುವೆ ಹೋಗುತ್ತದೆ, ಮಳೆ ಬಂದರೆ ಗುಡ್ಡ ಕುಸಿಯುತ್ತದೆ. ನಾವು ಹೊರಟ ದಿನವೇ ಕುಸಿದಿತ್ತು. ಡ್ರೈವರ್ ಬೆಟ್ಟದ ಬೇರೆ ರಸ್ತೆ ಸುತ್ತಿಸಿ ದೋಣಿಯ ಜಾಗಕ್ಕೆ ತಂದಾಗ ದೋಣಿ ಬಿಡಲು ಹತ್ತು ನಿಮಿಷ ಇತ್ತು. ಬೆಳಗ್ಗೆ ಆರಕ್ಕೇ ಹೊರಟಿದ್ದರಿಂದ ಬಚಾವಾದೆವು. ದೊಡ್ಡ ಸೂಟ್‌ಕೇಸ್‌ಗಳನ್ನು ಕೆಸರಿನ ದಂಡೆಯಲ್ಲಿ ಎಳೆದದ್ದು ಮಾತ್ರ ಮರೆಯಲಾರೆ. ಒಬ್ಬರಿಗೆ ಒಂದು ಚಿಕ್ಕ ಬ್ಯಾಗು ಸಾಕು.

ಆಮೆ ನೋಡುವುದು ರಾತ್ರಿ ಮಾತ್ರ, ಲೈಸೆನ್ಸ್ ಇರುವ ಗೈಡ್ ಜೊತೆ. ಕಪ್ಪು ಬಟ್ಟೆ, ಮೊಬೈಲ್ ಇಲ್ಲ, ಟಾರ್ಚ್ ಇಲ್ಲ. ಇಲ್ಲೇ ನನ್ನ ದೊಡ್ಡ ತಪ್ಪು. ಬಂದ ಮೂರನೇ ರಾತ್ರಿಗೆ ಆಮೆ ಇಟ್ಟಿದ್ದೆ. ಮಗ ಏಳು ಗಂಟೆಗೇ ಬಿದ್ದುಕೊಂಡ, ಎಷ್ಟು ಅಲ್ಲಾಡಿಸಿದರೂ ಏಳಲಿಲ್ಲ. ಇವರು ಅವನ ಜೊತೆ ಉಳಿದರು. ಮತ್ತೆ ಮಾಡುವುದಾದರೆ ತೊರ್ತುಗೇರೋವನ್ನು ಮೊದಲ ಊರಾಗಿ ಇಡುವುದಿಲ್ಲ.

ಅತ್ತೆ, ಮಗಳು, ನಾನು ಹೋದೆವು. ಮರಗಳ ನಡುವಿನ ದಾರಿಯಲ್ಲಿ ಸುಮಾರು ಹೊತ್ತು ಕಾದೆವು. ಗೈಡ್ ಕೆಂಪು ದೀಪ ತೋರಿಸಿ ಕರೆದ. ಮೊದಲು ಕೇಳಿದ್ದು ಉಸಿರು. ಯಾರೋ ಭಾರ ಹೊತ್ತು ನಿಟ್ಟುಸಿರು ಬಿಟ್ಟ ಹಾಗೆ. ಆಮೇಲೆ ಕಾಲಿಗೆ ಮರಳು ಬಡಿಯಿತು, ಆಮೆ ಹಿಂಗಾಲಲ್ಲಿ ಎಸೆದದ್ದು. ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳು, ಎರಡು ಮೂರು ಒಟ್ಟಿಗೆ ಗುಂಡಿಗೆ ಬೀಳುತ್ತಿದ್ದವು. ಒಂದು ಸಲಕ್ಕೆ ನೂರರ ಮೇಲೆ ಇಡುತ್ತದಂತೆ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅತ್ತೆ ಒಂದು ನಿಮಿಷ ನೋಡಿ ಸಮುದ್ರದ ಕಡೆ ತಿರುಗಿ ನಿಂತರು. "ಹೆರಿಗೆ ಆಗೋವಾಗ ಹೀಗೆ ಸಾಲಾಗಿ ನಿಂತು ನೋಡಬಾರದು" ಎಂದು ಪಿಸುಗುಟ್ಟಿದರು.

ಲಾ ಫೋರ್ಟುನಾದಲ್ಲಿ ನಾಲ್ಕು ರಾತ್ರಿ ಜಾಸ್ತಿ ಆಯಿತು ಎಂದು ಇವರು ಗೊಣಗುತ್ತಿದ್ದರು. ಅರೆನಾಲ್ ಜ್ವಾಲಾಮುಖಿ 1968ರ ಜುಲೈನಲ್ಲಿ ಸಿಡಿದು ಹಳ್ಳಿಗಳನ್ನು ಮುಚ್ಚಿಹಾಕಿತ್ತು, 2010ರವರೆಗೂ ಲಾವಾ ಕಾರುತ್ತಿತ್ತು. ಈಗ ಶಾಂತವಾಗಿದೆ. ಅದನ್ನು ನೋಡಲೆಂದೇ ಹೋದ ನಮಗೆ ಎರಡು ದಿನ ಕಂಡದ್ದು ಬರೀ ಮೋಡ. ಮೂರನೇ ದಿನ ಬೆಳಗ್ಗೆ ಆರಕ್ಕೆ ಮುಂಚೆ ಮಗ ಕಿಟಕಿ ಪರದೆ ಸರಿಸಿ ಕೂಗಿದ. ಇಡೀ ಬೆಟ್ಟ, ಬುಡದಿಂದ ತುದಿವರೆಗೆ. ನಲವತ್ತು ನಿಮಿಷಕ್ಕೆ ಮತ್ತೆ ಮುಚ್ಚಿಕೊಂಡಿತು. ಎರಡು ರಾತ್ರಿಗೆ ಬಂದಿದ್ದರೆ ಜ್ವಾಲಾಮುಖಿ ಇದೆ ಎಂದು ನಂಬಿ ಹೋಗಬೇಕಿತ್ತು, ಅಷ್ಟೇ.

ಮೊಂಟೆವೆರ್ದೆ 1,400 ಮೀಟರ್ ಎತ್ತರದ ಊರು, ಸ್ವೆಟರ್ ಇಲ್ಲದೆ ಆಗದು. ಉಷ್ಣವಲಯ ಅಂದುಕೊಂಡು ಬಂದ ಇವರು ಮೂರು ದಿನ ನನ್ನ ಶಾಲು ಹೊದ್ದುಕೊಂಡರು. ಈ ಊರಿನ ಚೀಸ್ ಪ್ರಸಿದ್ಧ. ಅಮೆರಿಕದ ಅಲಬಾಮಾದಿಂದ ಸೈನ್ಯಕ್ಕೆ ಸೇರಲು ಒಪ್ಪದ ಕ್ವೇಕರ್ (ಯುದ್ಧವನ್ನು ವಿರೋಧಿಸುವ ಕ್ರೈಸ್ತ ಪಂಥ) ಕುಟುಂಬಗಳು 1951ರಲ್ಲಿ ಬಂದು ಇಲ್ಲಿ ಹಸು ಕಟ್ಟಿದವು. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ದೇಶ ಇದು ಎಂಬುದೇ ಅವರು ಬಂದ ಕಾರಣ. ಅತ್ತೆಗೆ ಮೋಡದ ಕಾಡಿಗಿಂತ ಈ ಕಥೆಯೇ ಹಿಡಿಸಿತು.

ಮಕ್ಕಳನ್ನು ವ್ಯಾನಿನಲ್ಲಿ ಸುಮ್ಮನಿರಿಸಿದ್ದು ದುಡ್ಡು. ಅಲ್ಲಿನ ಕೊಲೋನ್ ನೋಟುಗಳ ಹಿಂದೆ ಒಂದೊಂದು ಪ್ರಾಣಿ ಇದೆ. ಸಾವಿರದ ಕೆಂಪು ನೋಟಿನಲ್ಲಿ ಜಿಂಕೆ, ಎರಡು ಸಾವಿರದ ನೀಲಿಯಲ್ಲಿ ಶಾರ್ಕ್, ಐದು ಸಾವಿರದ ಹಳದಿಯಲ್ಲಿ ಬಿಳಿ ಮುಖದ ಕೋತಿ, ಹತ್ತು ಸಾವಿರದ ಹಸಿರಲ್ಲಿ ಸ್ಲಾತ್ (ಮರದಲ್ಲಿ ನೇತಾಡುವ ನಿಧಾನದ ಪ್ರಾಣಿ), ಇಪ್ಪತ್ತು ಸಾವಿರದ ಕಿತ್ತಳೆಯಲ್ಲಿ ಹಮ್ಮಿಂಗ್ ಬರ್ಡ್. ನಿಜವಾಗಿ ಕಂಡ ಪ್ರಾಣಿಗೆ ಅದರ ನೋಟಿನಷ್ಟು ಅಂಕ. ಆಮೆಯ ನೋಟು ಇಲ್ಲ ಎಂಬುದೇ ಮಗನಿಗೆ ಸಮಾಧಾನ. ಸ್ಲಾತ್ ಲಾ ಫೋರ್ಟುನಾದಲ್ಲಿ ಸಿಕ್ಕಿತು, ಹಮ್ಮಿಂಗ್ ಬರ್ಡ್ ಮೊಂಟೆವೆರ್ದೆಯಲ್ಲಿ ಕಿವಿ ಪಕ್ಕದಲ್ಲೇ ಗುಂಯ್‌ಗುಟ್ಟಿತು. ಮಾನುವೆಲ್ ಆಂಟೋನಿಯೋ ಉದ್ಯಾನದೊಳಗೆ ತಿಂಡಿ ಬಿಡುವುದಿಲ್ಲ, ಗೇಟಿನಲ್ಲೇ ಬ್ಯಾಗು ನೋಡುತ್ತಾರೆ. ಯಾಕೆಂದು ಹೊರಗಿನ ಬೀಚಿನಲ್ಲಿ ಗೊತ್ತಾಯಿತು. ಇವರ ಕೈಯಲ್ಲಿದ್ದ ಬಾಳೆಕಾಯಿ ಚಿಪ್ಸ್ ಪೊಟ್ಟಣ ಹಿಂದಿನಿಂದ ಬಂದ ಕೋತಿಯ ಪಾಲಾಯಿತು. ಇವರು ಹೋ ಎಂದು ಕಿರುಚಿದರೆ ಮಗ "ಐದು ಸಾವಿರ! ಐದು ಸಾವಿರ!" ಎಂದು ಕುಣಿಯುತ್ತಿದ್ದ.

ಜಿಂಕೆಯೂ ಸಿಕ್ಕಿತು, ಶಾರ್ಕ್ ಮಾತ್ರ ಸಿಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಉಳಿದ ಕೊಲೋನ್ ಬದಲಾಯಿಸುವಾಗ ನೀಲಿ ನೋಟು ಕೊಡಲು ಮಗ ಒಪ್ಪಲೇ ಇಲ್ಲ. ಶಾರ್ಕ್ ಎಲ್ಲಿರುತ್ತದೆ ಎಂದು ಕೇಳಿದ. ಕೋಕೋಸ್ ದ್ವೀಪ, ಅದೂ ಇದೇ ದೇಶದ್ದು, ದೋಣಿಯಲ್ಲಿ ಒಂದೂವರೆ ದಿನ ಎಂದೆ. ಹೇಳುತ್ತಾ ಹೇಳುತ್ತಾ ಫೋನಿನಲ್ಲಿ ನಕ್ಷೆ ತೆರೆದಿದ್ದೆ. ಪಕ್ಕದಲ್ಲಿ ಮೊಣಕಾಲು ಒತ್ತಿಕೊಳ್ಳುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

"ಬಣ್ಣ ಹಾಕೋಕೆ ಶುರು ಮಾಡಬೇಡಮ್ಮಾ" ಅಂದರು.