ಕೆಲಸ ಬಿಡುವ ಮೊದಲು ಅಡ್ಮಿನ್ ಜವಾಬ್ದಾರಿ ಒಪ್ಪಿಸಿದ ನನ್ನ ಅನುಭವ

ಕಂಪನಿಯ ಸಾಫ್ಟ್‌ವೇರ್ ಮತ್ತು ಅಕೌಂಟ್‌ಗಳನ್ನು ನೋಡಿಕೊಳ್ಳುವ ಅಡ್ಮಿನ್ ಕೆಲಸ ನನಗೆ ಸಿಕ್ಕಿದ್ದು ಒಂದು ಎಕ್ಸೆಲ್ ಹಾಳೆಯ ರೂಪದಲ್ಲಿ. ನನಗಿಂತ ಮೊದಲು ಇದ್ದವರು ಹೋಗುವ ಹಿಂದಿನ ದಿನ ಅದನ್ನು ಮೇಲ್ ಮಾಡಿದ್ದರು. 3 ಕಾಲಂ: ಸಾಫ್ಟ್‌ವೇರ್ ಹೆಸರು, ಲಾಗಿನ್, ಪಾಸ್‌ವರ್ಡ್. ಎಲ್ಲ ಪಾಸ್‌ವರ್ಡ್‌ಗಳೂ ಸರಿಯಾಗಿದ್ದವು. ಅವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು, ಅದರಲ್ಲಿ ಅನುಮಾನ ಇಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕಂಪನಿಯ ಐಫೋನ್ ಮತ್ತು ಐಪ್ಯಾಡ್‌ಗಳು ನಮ್ಮ ಮಾತು ಕೇಳುವುದನ್ನು ನಿಲ್ಲಿಸಿದವು. ಒಟ್ಟು 62 ಸಾಧನ. ಹೊಸ ಆ್ಯಪ್ ಕಳಿಸಿದರೆ ಹೋಗುತ್ತಿಲ್ಲ, ಕಳೆದುಹೋದ ಫೋನ್ ಲಾಕ್ ಮಾಡಲು ಆಗುತ್ತಿಲ್ಲ. ಕಾರಣ ಹುಡುಕಿದಾಗ ಗೊತ್ತಾಯಿತು: ಆ್ಯಪಲ್ ಸಾಧನಗಳನ್ನು ದೂರದಿಂದ ನಿಭಾಯಿಸಲು ಒಂದು ಪುಶ್ ಸರ್ಟಿಫಿಕೇಟ್ ಬೇಕು. ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದೂ ಮೊದಲು ಮಾಡಿಸಿದ ಅದೇ ಆ್ಯಪಲ್ ಅಕೌಂಟ್‌ನಿಂದ. ಆ ಅಕೌಂಟ್ ಹಿಂದಿನವರ ಸ್ವಂತದ್ದಾಗಿತ್ತು. ಎಕ್ಸೆಲ್ ಹಾಳೆಯಲ್ಲಿ ಅದು ಇರಲೇ ಇಲ್ಲ. ಅವರ ಹಳೆಯ ನಂಬರ್ ಚಾಲ್ತಿಯಲ್ಲಿ ಇರಲಿಲ್ಲ. ಅವಸರದಲ್ಲಿ ಬೇರೆ ಅಕೌಂಟ್‌ನಿಂದ ಹೊಸ ಸರ್ಟಿಫಿಕೇಟ್ ಮಾಡಿಸಿ ಹಾಕಿದೆವು. ಹೊಸದು ಹಾಕಿದರೆ ಹಳೆಯ ಸಂಬಂಧ ಮುಗಿದಂತೆ. 62 ಸಾಧನಗಳನ್ನೂ ಒಂದೊಂದಾಗಿ ಕೈಗೆ ತೆಗೆದುಕೊಂಡು ಮತ್ತೆ ಸೇರಿಸಬೇಕಾಯಿತು. ಎರಡು ವಾರ ಹಿಡಿಯಿತು.

ಆಗಲೇ ಒಂದು ಮಾತು ಮನಸ್ಸಿನಲ್ಲಿ ಕೂತಿತು. ಹಿಂದಿನವರು ಬೀಗದ ಕೈ ಎಲ್ಲ ಕೊಟ್ಟಿದ್ದರು. ಆದರೆ ಅವರ ಹೆಸರಿಗೆ ಅಂಟಿಕೊಂಡಿದ್ದ ಕೆಲಸಗಳು ಅವರ ಜೊತೆಯೇ ಹೊರಟು ಹೋಗಿದ್ದವು. ಪಾಸ್‌ವರ್ಡ್ ಕೊಡುವುದು ಬೇರೆ, ನಮ್ಮ ಹೆಸರನ್ನು ಬಿಡಿಸಿಕೊಳ್ಳುವುದು ಬೇರೆ.

ಆರು ವರ್ಷದ ನಂತರ ನನ್ನ ಸರದಿ ಬಂತು. ಎರಡು ತಿಂಗಳ ನೋಟಿಸ್ ಕೊಟ್ಟೆ. ಮ್ಯಾನೇಜರ್ ಮೊದಲ ದಿನವೇ "ಒಂದು ಡಾಕ್ಯುಮೆಂಟ್ ಬರೆದುಬಿಡಿ" ಅಂದರು. ಈಗಲೇ ಬರೆಯುವುದಿಲ್ಲ ಅಂದೆ. ನೆನಪಿನಿಂದ ಬರೆದರೆ ದಿನಾ ಮಾಡುವ ಕೆಲಸ ಮಾತ್ರ ಬರುತ್ತದೆ. ವರ್ಷಕ್ಕೊಮ್ಮೆ ಮಾಡುವುದು, ತಾನಾಗಿಯೇ ನಡೆಯುವುದು, ಒಮ್ಮೆ ಮಾಡಿ ಮರೆತಿರುವುದು ಬರುವುದಿಲ್ಲ. ತೊಂದರೆ ಕೊಡುವುದೇ ಅವು, ಅಲ್ವಾ?

ಹಾಗಾಗಿ ಮೊದಲ ವಾರ ನನ್ನ ಮೇಲ್‌ಬಾಕ್ಸ್ ಹುಡುಕಿದೆ. ನನ್ನ ಪ್ರಕಾರ ಅಡ್ಮಿನ್ ಒಬ್ಬರ ನಿಜವಾದ ಪಟ್ಟಿ ಇರುವುದು ಅಲ್ಲೇ. 'ರಿನ್ಯೂವಲ್', 'ಎಕ್ಸ್‌ಪೈರ್', 'ಫೇಲ್ಡ್', 'ಇನ್‌ವಾಯ್ಸ್', 'ವೆರಿಫಿಕೇಶನ್ ಕೋಡ್', 'ವೆಲ್‌ಕಮ್' ಈ ಪದಗಳನ್ನು ಒಂದೊಂದಾಗಿ ಹಾಕಿ, ಹಿಂದಿನ ಎರಡು ವರ್ಷದ ಮೇಲ್‌ಗಳನ್ನು ನೋಡುತ್ತಾ ಹೋದೆ. ಎರಡು ವರ್ಷ ಯಾಕೆಂದರೆ, ವರ್ಷಕ್ಕೊಮ್ಮೆ ಬರುವ ಮೇಲ್ ಒಂದು ಸಲ ಕಣ್ತಪ್ಪಿದರೂ ಇನ್ನೊಂದು ಸಲ ಸಿಗುತ್ತದೆ. ನನ್ನ ಹೆಸರಿಗೆ ಮಾತ್ರ ಬರುತ್ತಿದ್ದ 41 ವಿಷಯ ಸಿಕ್ಕವು. ಅಷ್ಟು ಇರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಕೇಳಿದ್ದರೆ ಹದಿನೈದು ಅನ್ನುತ್ತಿದ್ದೆ.

ಆಮೇಲೆ ಒಂದೊಂದು ಸಾಫ್ಟ್‌ವೇರ್ ಒಳಗೂ ಹೋಗಿ ನನ್ನ ಹೆಸರು ಎಲ್ಲೆಲ್ಲಿ ಇದೆ ಎಂದು ನೋಡಿದೆ. ಇದಕ್ಕೆ ಸಮಯ ಜಾಸ್ತಿ ಹಿಡಿಯಿತು. ಆದರೆ ಕಣ್ಣು ತೆರೆಸಿದ್ದು ಇದೇ.

ಜಿರಾ ಅಂದರೆ ಕೆಲಸಗಳನ್ನು ಟಿಕೆಟ್‌ಗಳಾಗಿ ದಾಖಲಿಸುವ ಸಾಫ್ಟ್‌ವೇರ್. ಅದರಲ್ಲಿ ಟಿಕೆಟ್‌ಗಳನ್ನು ತೋರಿಸುವ ಪ್ರತಿ ಬೋರ್ಡ್‌ನ ಹಿಂದೆ, ಯಾವ ಟಿಕೆಟ್ ಕಾಣಬೇಕು ಎಂದು ಆರಿಸುವ ಒಂದು ಫಿಲ್ಟರ್ ಇರುತ್ತದೆ. ಆ ಫಿಲ್ಟರ್‌ಗೆ ಒಬ್ಬ ಓನರ್ ಇರುತ್ತಾರೆ. ಅದನ್ನು ಬೇರೆಯವರ ಜೊತೆ ಹಂಚಿಕೊಳ್ಳದೆ ಇದ್ದರೆ, ಬೋರ್ಡ್ ಇದ್ದರೂ ಅವರಿಗೆ ಕಾಣುವುದಿಲ್ಲ. 9 ಫಿಲ್ಟರ್ ನನ್ನ ಹೆಸರಿನಲ್ಲಿದ್ದವು. ತಾನಾಗಿ ನಡೆಯುವ ಆಟೊಮೇಶನ್ ರೂಲ್‌ಗಳಿಗೂ ನಾನೇ ಓನರ್. ರೂಲ್ ಕೆಟ್ಟರೆ ಮೇಲ್ ಬರುವುದು ಓನರ್‌ಗೆ. ನಾನು ಹೋದ ಮೇಲೆ ರೂಲ್ ಕೆಟ್ಟು ನಿಂತರೂ ಯಾರಿಗೂ ಸುದ್ದಿ ಹೋಗುತ್ತಿರಲಿಲ್ಲ.

ಕಂಪನಿಗಳು ಮೇಲ್, ಫೈಲ್‌ಗಳಿಗೆ ಬಳಸುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 'ಮೈ ಡ್ರೈವ್' ಒಳಗಿರುವ ಫೈಲ್ ವ್ಯಕ್ತಿಯ ಅಕೌಂಟ್‌ಗೆ ಸೇರಿದ್ದು, 'ಶೇರ್ಡ್ ಡ್ರೈವ್' ಒಳಗಿರುವುದು ಸಂಸ್ಥೆಗೆ ಸೇರಿದ್ದು. ಎಲ್ಲರೂ ಬಳಸುತ್ತಿದ್ದ ರಜೆ ಅರ್ಜಿಯ ಫಾರ್ಮ್ ನನ್ನ ಮೈ ಡ್ರೈವ್‌ನಲ್ಲಿತ್ತು! ಅಕೌಂಟ್ ಅಳಿಸಿದರೆ ಮತ್ತೆ ತರಲು ಇರುವುದು 20 ದಿನ. ಅಳಿಸುವಾಗಲೇ ಫೈಲ್‌ಗಳನ್ನು ಬೇರೆಯವರಿಗೆ ವರ್ಗಾಯಿಸದಿದ್ದರೆ ಆ ಗಡುವು ದಾಟಿದ ಮೇಲೆ ಫಾರ್ಮ್ ಕೂಡ ಹೋದಂತೆ. ಇನ್ನೊಂದು ಅದಕ್ಕಿಂತ ಸೂಕ್ಷ್ಮ. ಗೂಗಲ್ ಶೀಟ್‌ಗೆ ಜೋಡಿಸಿದ ಸಣ್ಣ ಪ್ರೋಗ್ರಾಂ (ಆ್ಯಪ್ಸ್ ಸ್ಕ್ರಿಪ್ಟ್) ತಾನಾಗಿ ಓಡುವಂತೆ ಮಾಡುವ ಟ್ರಿಗರ್‌ಗಳು, ಅವನ್ನು ಹಾಕಿದವರ ಹೆಸರಿನಲ್ಲೇ ಓಡುತ್ತವೆ. ಶೀಟ್ ಬೇರೆಯವರಿಗೆ ಕೊಟ್ಟರೂ ಟ್ರಿಗರ್ ಅವರದಾಗುವುದಿಲ್ಲ. ಹೊಸಬರು ತಮ್ಮ ಲಾಗಿನ್‌ನಿಂದ ಹೊಸದಾಗಿ ಹಾಕಬೇಕು, ಹಳೆಯದನ್ನು ನಾನು ತೆಗೆಯಬೇಕು. ಎರಡೂ ಉಳಿದರೆ ಒಂದೇ ಮೇಲ್ ಎರಡು ಸಲ ಹೋಗುತ್ತದೆ.

ಪ್ರೋಗ್ರಾಂ ಕೋಡ್ ಇಡುವ ಗಿಟ್‌ಹಬ್‌ನಲ್ಲೂ ಇಂಥದ್ದೇ ಒಂದು ಇದೆ. ಗೊತ್ತಿಲ್ಲದವರು ಬಹಳ ಜನ ಇರುವುದರಿಂದ ಹೇಳುತ್ತೇನೆ. ಇಂತಿಷ್ಟು ಹೊತ್ತಿಗೆ ತಾನಾಗಿ ಓಡಲಿ ಎಂದು ಒಂದು ಕೆಲಸವನ್ನು, ಅಂದರೆ ವರ್ಕ್‌ಫ್ಲೋ, ಹಾಕಿರುತ್ತೇವೆ. ಆ ವೇಳಾಪಟ್ಟಿಯ ಸಾಲನ್ನು ಕೊನೆಯದಾಗಿ ತಿದ್ದಿದವರನ್ನು ಸಂಸ್ಥೆಯ ಗುಂಪಿನಿಂದ ತೆಗೆದರೆ, ಆ ವರ್ಕ್‌ಫ್ಲೋ ನಿಂತುಹೋಗುತ್ತದೆ. ನಮ್ಮ ರಾತ್ರಿ ಬ್ಯಾಕಪ್ ಅದರಲ್ಲೇ ಇತ್ತು. ಆ ಸಾಲನ್ನು ನನ್ನ ಜಾಗಕ್ಕೆ ಬರುವವರಿಂದ ತಿದ್ದಿಸಿ ಅವರ ಹೆಸರಿನಲ್ಲೇ ಉಳಿಸಿಸಿದೆ (ಕಮಿಟ್). ಎರಡು ನಿಮಿಷದ ಕೆಲಸ.

ಡೊಮೇನ್ (ವೆಬ್‌ಸೈಟ್ ವಿಳಾಸದ ಹೆಸರು) ಮತ್ತು ವೆಬ್‌ಸೈಟ್ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಟಿಸ್ ಹೋಗುವ ಮೇಲ್ ವಿಳಾಸ ಯಾವುದು, ಹಣ ಕಟ್ಟುವ ಕಾರ್ಡ್ ಯಾರದು, ಇವೆರಡನ್ನು ನೋಡಿ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ಒಂದು ವಿಷಯ ಗಮನಿಸಬೇಕು: ಅವಧಿ ಮುಗಿಯುತ್ತಿದೆ ಎಂದು ಅವರು ಕಳಿಸುತ್ತಿದ್ದ ಮೇಲ್ 2025ರ ಜೂನ್ 4ರಿಂದ ನಿಂತಿದೆ. ಎಚ್ಚರಿಸುವ ವ್ಯವಸ್ಥೆ ನಾವೇ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಸಿಕ್ಕ ಮೇಲೆ ಸುಲಭದ ದಾರಿ ಅಂದರೆ ನನ್ನ ಹೆಸರು ತೆಗೆದು ಹೊಸಬರ ಹೆಸರು ಹಾಕುವುದು. ಅದು ತಪ್ಪು ಅಂತ ನನಗೆ ಅನಿಸಿತು. ಅವರೂ ಒಂದು ದಿನ ಹೋಗುವವರೇ. ನೋಟಿಸ್, ಬಿಲ್, ನವೀಕರಣದ ಮೇಲ್ ಎಲ್ಲ ಒಂದು ಸಾಮಾನ್ಯ ಮೇಲ್ ವಿಳಾಸಕ್ಕೆ ತಿರುಗಿಸಿದೆ. ಅದನ್ನು ಮೂವರು ನೋಡುತ್ತಾರೆ. ತಾನಾಗಿ ನಡೆಯುವ ಕೆಲಸಗಳಿಗೆ ಯಾವ ವ್ಯಕ್ತಿಯ ಹೆಸರಿಗೂ ಸೇರದ ಪ್ರತ್ಯೇಕ ಸರ್ವಿಸ್ ಅಕೌಂಟ್ ಮಾಡಿಸಿದೆ. ಆದರೆ ಅಡ್ಮಿನ್ ಆಗಿ ಒಳಗೆ ಹೋಗುವುದಕ್ಕೆ ಮಾತ್ರ ಸಾಮಾನ್ಯ ಅಕೌಂಟ್ ಬೇಡ ಎಂದು ಹಟ ಹಿಡಿದೆ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಹೋಗಬೇಕು. ಇಲ್ಲದಿದ್ದರೆ ಯಾರು ಏನು ಬದಲಿಸಿದರು ಎಂಬುದು ಲಾಗ್‌ನಲ್ಲಿ, ಅಂದರೆ ಬದಲಾವಣೆಗಳ ದಾಖಲೆಯಲ್ಲಿ, ಸಿಗುವುದಿಲ್ಲ. ಅತಿ ಹೆಚ್ಚಿನ ಅಧಿಕಾರದ ಅಡ್ಮಿನ್ ಇಬ್ಬರಾದರೂ ಇರಲಿ ಎಂದು ಪಟ್ಟು ಹಿಡಿದದ್ದೂ ಆಗಲೇ. ಒಬ್ಬರ ಫೋನ್ ಕಳೆದುಹೋದರೆ ಇನ್ನೊಬ್ಬರು ಬಾಗಿಲು ತೆಗೆಯಬೇಕಲ್ಲ.

ಫೋನ್ ಅಂದಾಗ ನೆನಪಾಯಿತು. ಲಾಗಿನ್ ಆಗುವಾಗ ಬೇಕಾಗುವ ಅಥೆಂಟಿಕೇಟರ್ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಇರುತ್ತದಲ್ಲ, ಅದರ ಮೂಲ ನಾವು ಮೊದಲ ಸಲ ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡ್‌ನಲ್ಲಿದೆ. ಅದೇ ಕ್ಯೂಆರ್ ಅನ್ನು ಹೊಸಬರಿಗೂ ಸ್ಕ್ಯಾನ್ ಮಾಡಿಸಿದರೆ ಅವರ ಫೋನಿನಲ್ಲೂ ಬರುತ್ತದೆ, ನನ್ನ ಫೋನಿನಲ್ಲೂ ಬರುತ್ತಲೇ ಇರುತ್ತದೆ. ಅದು ಒಪ್ಪಿಸಿದಂತೆ ಆಗಲಿಲ್ಲ. ಹಳೆಯದನ್ನು ರದ್ದು ಮಾಡಿ ಅವರ ಫೋನಿನಲ್ಲಿ ಹೊಸದಾಗಿ ನೋಂದಾಯಿಸಬೇಕು. ಫೋನ್ ಇಲ್ಲದಾಗ ಒಳಗೆ ಹೋಗಲು ಬಳಸುವ ರಿಕವರಿ ಕೋಡ್‌ಗಳನ್ನೂ ಹೊಸದಾಗಿ ಮಾಡಿಕೊಳ್ಳಬೇಕು. ರಿಕವರಿ ಫೋನ್ ನಂಬರ್ ಎಂದು ನನ್ನ ಸ್ವಂತ ನಂಬರ್ 5 ಕಡೆ ಇತ್ತು.

ಮೂರನೇ ವಾರದಿಂದ ನನ್ನ ಜಾಗಕ್ಕೆ ಬರುವವರು ಜೊತೆಗೆ ಕೂತರು. ಅದೇ ಕಂಪನಿಯಲ್ಲಿ ಸಪೋರ್ಟ್ ಕೆಲಸ ಮಾಡುತ್ತಿದ್ದ ಹುಡುಗಿ, ಚುರುಕು. ಮೊದಲೆರಡು ದಿನ ನಾನು ಮಾಡಿ ತೋರಿಸಿದೆ, ಅವರು ತಲೆ ಆಡಿಸಿದರು. ಮೂರನೇ ದಿನ ಅದೇ ಕೆಲಸ ಮಾಡಿ ಅಂದರೆ ಎರಡನೇ ಹೆಜ್ಜೆಯಲ್ಲೇ ನಿಂತರು. ತಪ್ಪು ನನ್ನದು. ಆರು ವರ್ಷದ ಅಭ್ಯಾಸದ ಕೈ, ಎಲ್ಲಿ ಒತ್ತಿದೆ ಎಂದು ನನಗೇ ಹೇಳಲು ಬರುತ್ತಿರಲಿಲ್ಲ. ಅಂದಿನಿಂದ ಕೀಬೋರ್ಡ್ ಅವರ ಮುಂದೆ ಇಟ್ಟೆ, ನಾನು ಪಕ್ಕದ ಕುರ್ಚಿಗೆ ಹೋದೆ. ಡಾಕ್ಯುಮೆಂಟ್ ಬರೆಯುವುದನ್ನೂ ಅವರಿಗೇ ಬಿಟ್ಟೆ. ನಾನು ಬರೆದಿದ್ದರೆ ನನಗೆ ಸುಲಭ ಅನಿಸಿದ್ದನ್ನು ಬಿಟ್ಟುಬಿಡುತ್ತಿದ್ದೆ. ಅವರು ಬರೆದದ್ದರಿಂದ ಎಡವಿದ ಜಾಗಗಳೆಲ್ಲ ಅದರಲ್ಲಿ ಬಂದವು. ನಾನು ಓದಿ ತಿದ್ದಿದೆ, ಅಷ್ಟೆ.

ನಾನು ಬರೆದದ್ದು ಒಂದೇ ಭಾಗ. ಅದಕ್ಕೆ 'ಯಾಕೆ ಹೀಗಿದೆ' ಎಂದು ಹೆಸರಿಟ್ಟೆವು. ಅದು ಶುರುವಾಗಿದ್ದು ಅವರ ಪ್ರಶ್ನೆಯಿಂದ.

"ಸರ್, ಮುಚ್ಚಿದ ಟಿಕೆಟ್ ಮತ್ತೆ ತೆರೆಯೋಕೆ ಆಗಲ್ಲ. ಎಲ್ಲರೂ ಬೈತಾರೆ. ತೆರೆಯೋ ಹಾಗೆ ಮಾಡಿಬಿಡ್ಲಾ?"

"ಬೇಡ. ಮೊದಲು ತೆರೆಯೋ ಹಾಗೇ ಇತ್ತು. ತಿಂಗಳ ಲೆಕ್ಕ ಕೊಟ್ಟ ಮೇಲೆ ಹಳೆಯ ಟಿಕೆಟ್ ತೆರೆದು ಸಮಯ ತಿದ್ದುತ್ತಿದ್ದರು. ಆಡಿಟ್‌ನಲ್ಲಿ ಅಂಕಿ ತಾಳೆ ಆಗಲಿಲ್ಲ. ಅದಕ್ಕೆ ಮುಚ್ಚಿಸಿದ್ದು."

"ಇದು ಎಲ್ಲೂ ಬರೆದಿಲ್ಲವಲ್ಲ, ಸರ್."

ನಿಜ, ಬರೆದಿರಲಿಲ್ಲ. ಸೆಟ್ಟಿಂಗ್ ಏನಿದೆ ಎಂಬುದನ್ನು ಪರದೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಯಾಕೆ ಹಾಗಿದೆ ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು. ವಿಚಿತ್ರವಾಗಿ ಕಾಣುವ ಸೆಟ್ಟಿಂಗ್‌ಗಳನ್ನೆಲ್ಲ ಅವರೇ ಪಟ್ಟಿ ಮಾಡಿದರು. ಒಂದೊಂದಕ್ಕೂ ಎರಡು ಮೂರು ಸಾಲು ಬರೆದೆ. ಕೆಲವಕ್ಕೆ ಈಗ ಕಾರಣವೇ ಉಳಿದಿಲ್ಲ, ತೆಗೆಯಬಹುದು ಎಂದು ಬರೆದೆ. ನೆನಪಾಗದೆ ಇದ್ದದ್ದಕ್ಕೆ ನೆನಪಿಲ್ಲ ಎಂದೇ ಬರೆದೆ.

ಇನ್ನು ಎರಡು ವಾರ ಇದೆ ಅನ್ನುವಾಗ ನನ್ನ ಅಡ್ಮಿನ್ ಹಕ್ಕನ್ನು ತೆಗೆಸಿದೆ. ಇಡೀ ಹಸ್ತಾಂತರದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು. ಮ್ಯಾನೇಜರ್‌ಗೆ ಭಯ. "ಕೊನೇ ದಿನದ ತನಕ ಇರಲಿ ಬಿಡಿ, ಏನಾದರೂ ಆದರೆ?" ಅಂದರು. ಏನಾದರೂ ಆಗುವುದಿದ್ದರೆ ನಾನು ಇರುವಾಗಲೇ ಆಗಲಿ ಅಂದೆ. ಹಕ್ಕು ನನ್ನಲ್ಲಿ ಇರುವ ತನಕ ಜನ ನನ್ನ ಬಳಿಯೇ ಬರುತ್ತಾರೆ. ನಾನೂ ಸುಮ್ನೆ ಮಾಡಿಕೊಟ್ಟುಬಿಡುತ್ತೇನೆ. ಹಕ್ಕು ಹೋದ ಮೇಲೆ ಕೇಳಿದವರಿಗೆಲ್ಲ "ನನ್ನಿಂದ ಆಗಲ್ಲ, ಅವರನ್ನು ಕೇಳಿ" ಎಂದೆ. ಮೂರೇ ದಿನದಲ್ಲಿ ಎಲ್ಲರೂ ನೇರವಾಗಿ ಅವರ ಬಳಿ ಹೋಗತೊಡಗಿದರು.

ಒಂದು ವಾರ ಕಳೆದ ಮೇಲೆ ಇನ್ನೊಂದು ಹೆಜ್ಜೆ. ಒಂದು ಮಂಗಳವಾರ ಬೆಳಿಗ್ಗೆ ನನ್ನ ಅಕೌಂಟ್ ಅನ್ನೇ ಒಂದು ದಿನ ಸಸ್ಪೆಂಡ್ ಮಾಡಿಸಿದೆ. ಅಳಿಸುವುದಲ್ಲ, ತಡೆಹಿಡಿಯುವುದು. ಬೇಕೆಂದಾಗ ಮತ್ತೆ ತೆರೆಯಬಹುದು. ವಾರದ ಮಧ್ಯೆ ಆದ್ದರಿಂದ ಎಲ್ಲರೂ ಕೆಲಸದಲ್ಲಿದ್ದರು, ಏನು ಕೆಟ್ಟರೂ ತಕ್ಷಣ ಗೊತ್ತಾಗುವಂತಿತ್ತು.

ಮಧ್ಯಾಹ್ನದ ತನಕ ಏನೂ ಇಲ್ಲ. ಮೂರು ಗಂಟೆಗೆ ಅಕೌಂಟ್ಸ್ ವಿಭಾಗದವರು ಓಡಿಬಂದರು. ಅವರ ಸಾಫ್ಟ್‌ವೇರ್‌ಗೆ ದಿನಾ ಬರುತ್ತಿದ್ದ ಬಿಲ್ ಮಾಹಿತಿ ಬಂದಿಲ್ಲ. ಹುಡುಕಿದರೆ, ನಾಲ್ಕು ವರ್ಷದ ಹಿಂದೆ ಪರೀಕ್ಷೆಗೆಂದು ನಾನು ಮಾಡಿದ್ದ ಒಂದು ಎಪಿಐ ಟೋಕನ್, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರ ಒಳಗೆ ಹೋಗಲು ಬಳಸುವ ಕೀಲಿ. ಅದರ ಹೆಸರು 'ಟೆಸ್ಟ್2'. ಪರೀಕ್ಷೆ ಮುಗಿದ ಮೇಲೆ ಯಾರೋ ಅದನ್ನೇ ನಿಜವಾದ ಕೆಲಸಕ್ಕೆ ಜೋಡಿಸಿದ್ದರು. ಮೇಲ್‌ಬಾಕ್ಸ್‌ನಲ್ಲಿ ಅದರ ಸುಳಿವೇ ಇರಲಿಲ್ಲ, ಅದು ಒಂದು ದಿನವೂ ಕೆಟ್ಟಿರಲಿಲ್ಲವಲ್ಲ. ನಾನು ಹೋದ ಮೇಲೆ ಇದು ನಿಂತಿದ್ದರೆ ಕಾರಣ ಹುಡುಕಲು ಅವರಿಗೆ ಎಷ್ಟು ದಿನ ಬೇಕಾಗುತ್ತಿತ್ತೋ. ಆ ಸಂಜೆಯೇ ಸರ್ವಿಸ್ ಅಕೌಂಟ್‌ನಿಂದ ಹೊಸ ಟೋಕನ್ ಮಾಡಿದೆವು. ಯಾವ ಕೆಲಸಕ್ಕೆ, ಯಾವತ್ತು ಅವಧಿ ಮುಗಿಯುತ್ತದೆ ಎಂಬುದನ್ನು ಅದರ ಹೆಸರಿನಲ್ಲೇ ಸೇರಿಸಿದೆವು. ಗುರುವಾರ ಮತ್ತೊಮ್ಮೆ ಸಸ್ಪೆಂಡ್ ಮಾಡಿಸಿದೆ. ಅಂದು ಏನೂ ಕೆಡಲಿಲ್ಲ.

ಕೊನೆಯ ದಿನ ಮಾಡಿದ್ದು ಸ್ವಲ್ಪವೇ. ಯಾವ ಯಾವ ವ್ಯವಸ್ಥೆಗಳಿಗೆ ನನಗೆ ಇನ್ನು ಪ್ರವೇಶ ಇಲ್ಲ ಎಂದು ಪಟ್ಟಿ ಮಾಡಿ ಮ್ಯಾನೇಜರ್‌ಗೂ ಹೊಸ ಅಡ್ಮಿನ್‌ಗೂ ಮೇಲ್ ಮಾಡಿದೆ. "ನೋಡಿದ್ದೇವೆ, ಸರಿ ಇದೆ" ಎಂದು ಇಬ್ಬರಿಂದಲೂ ಉತ್ತರ ಬರೆಸಿಕೊಂಡೆ. ಮುಂದೆ ಏನಾದರೂ ಹೆಚ್ಚುಕಡಿಮೆ ಆದರೆ ನನ್ನ ಮೇಲೂ ಅನುಮಾನ ಬರಬಾರದು, ಅವರಿಗೂ ಗೊಂದಲ ಇರಬಾರದು. ನನ್ನ ಫೋನಿನ ಅಥೆಂಟಿಕೇಟರ್‌ನಲ್ಲಿದ್ದ ಕಂಪನಿಯ ಸಾಲುಗಳನ್ನು ಅವರ ಎದುರಿಗೇ ಅಳಿಸಿದೆ. ಆದರೆ ಅಳಿಸುವ ಮೊದಲು, ಅವರು ತಮ್ಮ ಫೋನಿನಿಂದ ಒಂದೊಂದಕ್ಕೂ ಲಾಗಿನ್ ಆಗಿ ತೋರಿಸುವ ತನಕ ಕಾದೆ.

ಒಂದನ್ನು ಒಪ್ಪಿಸಲು ನನಗೆ ಆಗಲಿಲ್ಲ. ಒಂದು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್‌ನಲ್ಲಿ ಇದ್ದವರು ನನಗೆ ವರ್ಷಗಳ ಪರಿಚಯ. ಟಿಕೆಟ್ ಹಾಕದೆಯೂ ಫೋನ್ ಮಾಡಿದರೆ ಕೆಲಸ ಆಗುತ್ತಿತ್ತು. ಅವರ ಜೊತೆ ಒಂದು ಸಲ ಮೂವರೂ ಕೂತು ಮಾತಾಡಿಸಬೇಕಿತ್ತು. ಮಾಡಲಿಲ್ಲ. ನಾನು ಹೋದ ಮೂರನೇ ವಾರ ಅದಕ್ಕಾಗಿಯೇ ಹೊಸ ಅಡ್ಮಿನ್‌ರಿಂದ ಫೋನ್ ಬಂತು. ಅವರಿಬ್ಬರಿಗೂ ಪರಸ್ಪರ ಪರಿಚಯ ಮಾಡಿಸಿ ಒಂದು ಮೇಲ್ ಹಾಕಿದೆ.

ಹೋದ ತಿಂಗಳು ಆ ಹುಡುಗಿ ಮತ್ತೆ ಫೋನ್ ಮಾಡಿದ್ದರು, ಸುಮ್ನೆ ಮಾತಾಡಲು. ಪುಶ್ ಸರ್ಟಿಫಿಕೇಟ್ ನವೀಕರಣದ ನೋಟಿಸ್ ಸಾಮಾನ್ಯ ಮೇಲ್‌ಗೆ ಬಂದಿತ್ತಂತೆ. ಕಂಪನಿಯ ಆ್ಯಪಲ್ ಅಕೌಂಟ್‌ನಿಂದಲೇ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದರಂತೆ. ನಮ್ಮ 41 ಸಾಲಿನ ಪಟ್ಟಿ ಈಗ 47 ಆಗಿದೆ. ಹೊಸ 6ರಲ್ಲಿ 2 ನನ್ನ ಕಾಲದವು, ನನ್ನ ಕಣ್ಣಿಗೆ ಬೀಳದೆ ಉಳಿದಿದ್ದವು. ಯಾವುವು ಎಂದು ಕೇಳಿ ಬರೆದಿಟ್ಟುಕೊಂಡೆ.